ಹೊರಸಿನ ಕೆಳಗಿನ ಹೊಗೆ

ನನಗೆ ಯಾರ ಮೇಲೂ ಬೇಗ ನಂಬಿಕೆ ಹುಟ್ಟುವುದಿಲ್ಲ. ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ಔಷಧದ ಅಂಗಡಿ ಇಟ್ಟುಕೊಂಡವಳಿಗೆ ಅದು ಕೆಟ್ಟ ಗುಣವಲ್ಲ, ಕಸುಬಿನ ಭಾಗ. ನಿದ್ದೆ ಗುಳಿಗೆ ಕೇಳುವವನು ತಾಯಿಗೆ ಬೇಕು ಅನ್ನುತ್ತಾನೆ. ಕೆಮ್ಮಿನ ಔಷಧಕ್ಕೆ ದಿನ ಬಿಟ್ಟು ದಿನ ಬರುವವನು ತಮ್ಮನಿಗೆ ಅನ್ನುತ್ತಾನೆ. ಊರಿನಲ್ಲಿ ತನಗಾಗಿ ಔಷಧ ಕೊಳ್ಳುವವರು ಒಬ್ಬರೂ ಇಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. “ನೀ ಫಾರ್ಮಸಿ ಓದಿದ್ದು ತಪ್ಪಾತು, ಫೌಜದಾರ ಆಗಬೇಕಿತ್ತು” ಎಂದು ನನ್ನ ಗಂಡ ಚುಡಾಯಿಸುತ್ತಾನೆ. ಚುಡಾಯಿಸಲಿ. ಅಂಗಡಿಯ ಕಟ್ಟೆಯ ಈ ಬದಿಗೆ ನಿಂತವಳು ನಾನು.

ಹಾಗಾಗಿ ಆ ಹೆಂಗಸು ಮೊದಲ ದಿನವೇ ನನ್ನ ಕಣ್ಣಿಗೆ ಬಿದ್ದಳು. ಐವತ್ತು ದಾಟಿದ ವಯಸ್ಸು, ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ದಮ್ಮಿಗೆ, ಅಂದರೆ ಉಬ್ಬಸಕ್ಕೆ, ಬಾಯಿಂದ ಎಳೆಯುವ ನೀಲಿ ಪಂಪು ಬೇಕೆಂದು, ಹೆಸರಿದ್ದ ತುದಿ ಹರಿದುಹೋಗಿದ್ದ ಮಡಚಿದ ಚೀಟಿ ಮುಂದಿಟ್ಟಳು.

“ಯಾರಿಗ್ರಿ ಅವ್ವಾರ?”

“ನನಗರಿ” ಎಂದಳು, ಬಾಗಿಲ ಕಡೆ ನೋಡುತ್ತ.

ಯಾವ ಊರು ಎಂದರೆ ಹೂವಿನ ಹಿಪ್ಪರಗಿ ಎಂದಳು. ಅವರ ತಾಲ್ಲೂಕಿನ ಊರು ಬಸವನ ಬಾಗೇವಾಡಿ. ಅಲ್ಲಿ ಓಣಿಗೊಂದು ಔಷಧದ ಅಂಗಡಿ. ಅದನ್ನು ಬಿಟ್ಟು ಬೇರೆ ದಿಕ್ಕಿನ ಬಸ್ಸು ಹತ್ತಿ ಸಿಂದಗಿಗೆ ಯಾಕೆ ಬಂದಳು? ಕೇಳಿದೆ. “ಇಲ್ಲಿ ಸಂತಿ ಮಾಡಾಕ ಬಂದಿದ್ನಿ” ಎಂದಳು. ಅವತ್ತು ಸಂತೆಯ ದಿನವಾಗಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ಅವಳ ಕಣ್ಣು ಹಾಗೇ ಇತ್ತು.

ದಮ್ಮಿಗೆ ಸಾಮಾನ್ಯವಾಗಿ ಎರಡು ಪಂಪು ಬರೆಯುತ್ತಾರೆ. ಒಂದನ್ನು ಮೈ ಚೆನ್ನಾಗಿದ್ದರೂ ದಿನವೂ ಎಳೆಯಬೇಕು. ಅದು ಉಸಿರಿನ ನಾಳದ ಬಾವು ಇಳಿಸಿ ರೋಗವನ್ನು ಹದ್ದುಬಸ್ತಿನಲ್ಲಿಡುತ್ತದೆ. ಇನ್ನೊಂದು, ಈ ನೀಲಿಯದು, ಉಸಿರು ಕಟ್ಟಿದಾಗ ಮಾತ್ರ. ಚೀಟಿಯಲ್ಲಿ ಎರಡೂ ಇದ್ದವು. ಆಕೆ ನೀಲಿಯೊಂದೇ ಸಾಕೆಂದು ಹಟ ಹಿಡಿದಳು. “ದಿನಾ ತಗೊಂಡ್ರ ಚಟಾ ಹತ್ತತೈತಿ ಅಂತಾರ್ರಿ” ಎಂದಳು. ಚಟ ಹತ್ತುವುದಿಲ್ಲ, ನೀಲಿಯದು ಬೆಂಕಿ ಆರಿಸುತ್ತದೆ, ದಿನದ್ದು ಬೆಂಕಿ ಹತ್ತದಂತೆ ಕಾಯುತ್ತದೆ ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಹೂಂ ಹೂಂ ಎಂದು ತಲೆಯಾಡಿಸಿ ನೀಲಿಯೊಂದನ್ನೇ ತೆಗೆದುಕೊಂಡು ಹೋದಳು.

ಸ್ವಲ್ಪ ದಿನಕ್ಕೇ ಮತ್ತೆ ಬಂದಳು. ಅಷ್ಟು ಬೇಗ ಒಂದು ಪಂಪು ಖಾಲಿಯಾಗುತ್ತದೆ ಎಂದರೆ ಎರಡೇ ಅರ್ಥ. ಎಳೆಯುವವರಿಗೆ ಎಳೆಯಲು ಬರುತ್ತಿಲ್ಲ, ಇಲ್ಲವೇ ರೋಗ ಕೈಮೀರುತ್ತಿದೆ. ಹೆಂಗ ತಗೊಳ್ತೀರಿ, ತೋರಿಸಿರಿ ಎಂದೆ. ನಾನು ಎಲ್ಲ ದಮ್ಮಿನವರಿಗೂ ಹೀಗೆ ಕೇಳುತ್ತೇನೆ. ಬಹಳಷ್ಟು ಜನ ಬಾಯಿ ತೆರೆದು ನಾಲಿಗೆ ಮೇಲೆ ಹೊಡೆದುಕೊಂಡು, ಔಷಧ ಕೆಲಸ ಮಾಡಲಿಲ್ಲ ಎಂದು ಬೈಯುತ್ತಾರೆ. ಆಕೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗಡಿಬಿಡಿಯಲ್ಲಿ ಒತ್ತಿದಳು. ಔಷಧವೆಲ್ಲ ಸೆರಗಿಗೇ ಹೋಯಿತು.

ಮೊದಲು ಅಲುಗಾಡಿಸಿರಿ, ಉಸಿರು ಪೂರ್ತಿ ಹೊರಗೆ ಬಿಡಿರಿ, ಒತ್ತುತ್ತ ನಿಧಾನಕ್ಕೆ ಒಳಗೆಳೆಯಿರಿ, ಆಮೇಲೆ ಉಸಿರು ಹಿಡಿದು ನಿಲ್ಲಿರಿ ಎಂದು ಖಾಲಿ ಪಂಪಿನಲ್ಲಿ ಮಾಡಿ ತೋರಿಸಿದೆ. ಆಕೆ ಎಷ್ಟು ಲಕ್ಷ್ಯವಿಟ್ಟು ನೋಡಿದಳೆಂದರೆ, ನಾಳೆ ಯಾರಿಗೋ ಪಾಠ ಹೇಳಬೇಕಾದವಳ ಹಾಗಿತ್ತು. ಕೊನೆಗೆ ಕೇಳಿದಳು, “ಕೌದಿ ಹೊಚಗೊಂಡು ಎಳದ್ರ ನಡೀತೈತೇನ್ರಿ?”

ಕೌದಿ ಯಾಕೆ ಹೊದ್ದುಕೊಳ್ಳಬೇಕು? ಹೊರಗೆ ಬಿಸಿಲು ಹಂಚು ಕಾಸಿದ ಹಾಗಿತ್ತು.

ಅವಳಿಗೆ ದಮ್ಮಿಲ್ಲ ಎಂದು ನನಗೆ ಅವತ್ತೇ ಖಾತ್ರಿಯಾಯಿತು. ಕನ್ನೊಳ್ಳಿ, ಯಂಕಂಚಿ ಕಡೆಯಿಂದ ಬರುವ ದಮ್ಮಿನವರನ್ನು ನಾನು ಕಂಡವಳು. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟಿನ ಧೂಳು ಕುಡಿದು, ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಕಟ್ಟೆ ಹಿಡಿದು ನಿಂತುಬಿಡುತ್ತಾರೆ. ಎದೆಯ ಸೀಟಿ ಇತ್ತ ಬದಿಗೆ ಕೇಳಿಸುತ್ತದೆ. ಈಕೆಯೋ ಬಸ್ಸಿಳಿದು ಓಡಿ ಬಂದರೂ ಒಂದೇ ಉಸಿರಿಗೆ ಸಂಸಾರದ ಸುದ್ದಿಯೆಲ್ಲ ಹೇಳುವಳು. ಹಾಗಾದರೆ ಪಂಪು ಯಾರಿಗೆ? ಊರಲ್ಲಿ ಮಾರುತ್ತಾಳೋ? ಯಾವನೋ ನಾಟಿ ವೈದ್ಯನಿಗೆ ಕೊಡುತ್ತಾಳೋ, ಅವನು ಅದನ್ನು ತನ್ನ ಬೇರಿನ ಮಹಿಮೆ ಎಂದು ಹೇಳಿಕೊಳ್ಳುತ್ತಾನೋ? ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಗಂಡನಿಗೆ ಹೇಳಿದರೆ ಊಟ ಬಿಟ್ಟು ನಕ್ಕ.

ಮೂರನೆಯ ಸಲ ಬಂದಾಗ ಆಕೆ ಬಹಳ ಅವಸರದಲ್ಲಿದ್ದಳು. ಸೀರೆಯಿಂದ ಲೋಬಾನದ ವಾಸನೆ ಗಪ್ಪನೆ ಹೊಡೆಯಿತು. ಲೋಬಾನ, ಓಂಕಾಳು, ಕೆಂಡ. ಈ ಮೂರು ಕೂಡಿದ ವಾಸನೆ ಎಲ್ಲಿಯದೆಂದು ಎರಡು ಮಕ್ಕಳನ್ನು ಹೆತ್ತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಪಂಪು ತೆಗೆಯಲು ನಾನು ಕಪಾಟಿನ ಕಡೆ ತಿರುಗಿದಾಗ ಹಿಂದಿನಿಂದ ಮೆಲ್ಲಗೆ ಕೇಳಿದಳು.

“ಅಕ್ಕಾರ, ಮಲಿ ಕುಡಸೋರು ಇದನ್ನ ತಗೊಂಡ್ರ ಕೂಸಿಗೇನೂ ಆಗೂದಿಲ್ಲಲ್ರಿ?”

ಪಂಪನ್ನು ಕಟ್ಟೆಯ ಮೇಲಿಟ್ಟೆ. “ಇದು ತೊಗೋರಿ. ಕೂಸಿಗೇನೂ ಆಗೂದಿಲ್ಲ. ಆದ್ರ ನಿಮ್ಮ ಮನ್ಯಾಗಿನ ಬಾಣಂತಿ ಯಾರು, ಅದನ್ನ ಹೇಳ್ರಿ.”

ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತು ಎಲ್ಲ ಹೇಳಿದಳು. ಮಗಳು. ಚಿಕ್ಕಂದಿನಿಂದ ದಮ್ಮು. ಬಾಗೇವಾಡಿಯ ಒಳ್ಳೆಯ ಮನೆತನದಿಂದ ಸಂಬಂಧ ಬಂದಾಗ ಮುಚ್ಚಿಟ್ಟು ಮದುವೆ ಮಾಡಿದ್ದರು. ಬಾಗೇವಾಡಿಯಲ್ಲಿ ಔಷಧ ಕೊಂಡರೆ ಬೀಗರ ಕಿವಿಗೆ ಬೀಳುತ್ತದೆ, ಅದಕ್ಕೇ ಸಿಂದಗಿ. ಗಂಡನ ಮನೆಯಲ್ಲಿ ಮಗಳು ಕೌದಿಯೊಳಗೆ ಕದ್ದು ಪಂಪು ಎಳೆಯುತ್ತಿದ್ದಳು. ಈಗ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಆದರೆ ಮೊಮ್ಮಗನನ್ನು ನೋಡಲು ಬಂದ ಬೀಗತಿ, ಮಗಳ ಅತ್ತೆ, ಅಲ್ಲೇ ಉಳಿದುಕೊಂಡಿದ್ದಾಳೆ.

“ಹೊಗಿ ಹಾಕಾಕತ್ತೀರೇನು?”

“ಹಾಕದ ಹೆಂಗ ಬಿಡೂದ್ರಿ? ಎರಡೂ ಹೊತ್ತು ಎರದು, ಹೊರಸಿನ ಕೆಳಗ ಕೆಂಡಾ ಇಟ್ಟು, ಲೋಬಾನ ಹಾಕ್ತೇವಿ. ಗಾಳಿ ಹೊಗಬಾರ್ದಂತ ಕದಾ ಹಾಕಿರ್ತೇವಿ. ಅದನ್ನ ಬಿಟ್ರ ಬೀಗತಿ ಯಾಕಂತ ಕೇಳ್ತಾಳಲ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ದಮ್ಮಿನ ಹುಡುಗಿಯನ್ನು ಕದ ಹಾಕಿದ ಕೋಣೆಯಲ್ಲಿ ಹಗ್ಗದ ಹೊರಸಿನ ಮೇಲೆ ಮಲಗಿಸಿ ಕೆಳಗೆ ಹೊಗೆ ಹಾಕುವುದು, ಉಸಿರು ಕಟ್ಟಿದೊಡನೆ ಪಂಪಿಗಾಗಿ ಬಸ್ಸು ಹತ್ತುವುದು! ಹೊಗೆ ಹಾಕುವ ಕೈಯೂ ಇದೇ, ಪಂಪು ಕೊಳ್ಳುವ ಕೈಯೂ ಇದೇ. ಬೈಯಲು ಬಾಯಿ ತೆರೆದೆ. ಆಕೆಯ ಕಣ್ಣಲ್ಲಿ ನೀರಿತ್ತು. ನುಂಗಿಕೊಂಡೆ.

“ಮನಿಗೆ ಫೋನ್ ಹಚ್ರಿ” ಎಂದೆ.

ಹಚ್ಚಿದಳು. ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಕಟ್ಟೆಯ ಮೇಲಿಟ್ಟೆವು. “ಯವ್ವಾ… ಪಂಪು… ತಗೊಂಡ್ಯಾ…” ಎಂದಿತು ಆ ಹುಡುಗಿಯ ದನಿ. ಒಂದೊಂದು ಪದಕ್ಕೂ ಒಂದೊಂದು ಉಸಿರು. ನಡುವೆ ಆ ಸೀಟಿ. ಬೆಳಿಗ್ಗೆಯೇ ನೀಲಿ ಪಂಪು ಖಾಲಿಯಾಗಿತ್ತಂತೆ. ಸಣ್ಣದೊಂದು ಮಾತನ್ನು ಪೂರ್ತಿ ಆಡಲಾರದವರು ಮನೆಯಲ್ಲಿ ಕೂರಬಾರದು. ಅಂಗಡಿಯವಳು ಮಾಡುವುದಕ್ಕೆ ಅಲ್ಲಿಗೆ ಏನೂ ಉಳಿದಿರುವುದಿಲ್ಲ, ದವಾಖಾನೆಗೆ ಕಳಿಸುವುದೊಂದನ್ನು ಬಿಟ್ಟು.

“ತಂಗಿ, ಮಲಗಬ್ಯಾಡ, ಎದ್ದು ಕೂಡು. ಹೊಗಿಯಿಂದ ಹೊರಗ ಬಾ. ಮನ್ಯಾಗ ಯಾರದಾರ?”

“ಅತ್ತಿ… ಅಷ್ಟ…”

ತಾಯಿ ಫೋನಿನ ಮೇಲೆ ಕೈ ಮುಚ್ಚಿದಳು. “ಬೀಗತಿಗಿ ಹೇಳಬ್ಯಾಡ್ರಿ. ನಾ ಈಗಿಂದೀಗ ಹೋಗಿ ಮುಟ್ಟತೇನಿ.”

“ನೀವು ಬಸ್ ಹತ್ತಿ ಮುಟ್ಟೂತನಕ ಏನಾಗ್ತೈತೋ ನಾ ಹೇಳಾಕ ಆಗೂದಿಲ್ಲ. ನಿಮ್ಮೂರಾಗ ದವಾಖಾನಿ ಐತಿ. ಈಗ ಒಯ್ಯೋರು ಅವರೊಬ್ರ. ನೀವ ಹೇಳ್ರಿ, ಇಲ್ಲಾಂದ್ರ ನಾ ಹೇಳ್ತೇನಿ.”

ಆಕೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಮನೆಗೆ ಬೆಂಕಿ ಇಡಲು ಬಂದವಳನ್ನು ನೋಡುವ ಹಾಗಿತ್ತು. ಕೈ ತೆಗೆದಳು.

“ಫೋನ್ ಬೀಗತ್ಯಾರಿಗಿ ಕೊಡವ್ವಾ…” ಆಮೇಲೆ ಬೇರೆ ದನಿ ಬಂದಾಗ ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಬೀಗತ್ಯಾರ, ನನ್ನ ಮಗಳಿಗಿ ದಮ್ಮ ಐತ್ರಿ. ಸಣ್ಣಾಕಿ ಇದ್ದಾಗಿಂದ ಐತಿ. ಮುಚ್ಚಿಟ್ಟು ಕೊಟ್ಟೇವಿ. ನಿಮ್ಮ ಕಾಲ ಹಿಡಿತೇನಿ, ಆಕಿನ್ನ ದವಾಖಾನಿಗಿ ಒಯ್ರಿ.”

ಆ ಕಡೆ ಕದದ ಅಗಳಿ ತೆಗೆದ ಸದ್ದಾಯಿತು.

“ಗೊತ್ತೈತಿ” ಎಂದಳು ಬೀಗತಿ. “ದಿನಾ ಕೌದ್ಯಾಗ ಫಸ್ ಫಸ್ ಅನಸ್ತಾಳ. ನನಗೇನು ಕಿವಿ ಇಲ್ಲೇನ್ರಿ? ನೀವಾಗೇ ಹೇಳ್ತೀರೋ ಇಲ್ಲೋ ನೋಡೂಣಂತ ಇದ್ನಿ.”

ನನಗೆ ತಡೆಯಲಾಗಲಿಲ್ಲ. ಪರಿಚಯವಿಲ್ಲ, ಪಾಡಿಲ್ಲ, ಫೋನಿಗೆ ಬಾಗಿ ಕೂಗಿಬಿಟ್ಟೆ. “ಗೊತ್ತಿದ್ದೂ ಹೊಗಿ ಹಾಕಾಕ ಯಾಕ ಬಿಟ್ರಿ?”

“ನೀವ್ಯಾರೋ ಗೊತ್ತಿಲ್ಲ. ನಾ ಬ್ಯಾಡ ಅಂದಿದ್ರ, ಅತ್ತಿ ಬಂದು ಬಾಣಂತನ ಕೆಡಸಿದ್ಲು ಅಂತ ಇಡೀ ಊರು ಅಂತಿತ್ತು. ಮಾತು ಸಾಕು. ಕರಕೊಂಡು ಹೊಂಟೇನಿ.” ಫೋನು ಕಟ್ಟಾಯಿತು.

ತಾಯಿ ಪಂಪು, ಫೋನು ಹಿಡಿದುಕೊಂಡು ನಿಲ್ದಾಣಕ್ಕೆ ಓಡಿದಳು. ಚೀಲವನ್ನು ಅಲ್ಲೇ ಬಿಟ್ಟಿದ್ದಳು. ನಾನು ಅವತ್ತು ಗಿರಾಕಿಗಳಿಗೆ ಏನೇ ಕೊಟ್ಟರೂ ಒಂದಕ್ಕೆರಡು ಸಲ ನೋಡಿ ನೋಡಿ ಕೊಟ್ಟೆ. ಅವಳು ಸುಳ್ಳು ಹೇಳುತ್ತಾಳೆ ಎಂಬ ನನ್ನ ಸಂಶಯ ನಿಜವಾಗಿತ್ತು. ಆದರೆ ನಿಜವಾದದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಆ ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಸಂಶಯ, ನಡುವೆ ಹುಡುಗಿಗೆ ಉಸಿರಿಲ್ಲ. ಸಂಜೆ, ಹಳೆಯ ಬಿಲ್ಲಿನಲ್ಲಿದ್ದ ಅಂಗಡಿಯ ನಂಬರಿಗೆ ಆಕೆಯ ಫೋನು ಬಂತು. ಊರಿನ ದವಾಖಾನೆಯಲ್ಲಿ ಹಬೆಯಲ್ಲಿ ಔಷಧ ಕೊಡುವ ಮಷೀನು ಹಚ್ಚಿ, ಬಾಗೇವಾಡಿಗೆ ಕಳಿಸಿದ್ದರಂತೆ. ಹುಡುಗಿ ಈಗ ಮಾತಾಡುತ್ತಾಳೆ, ಗಂಜಿ ಕುಡಿದಳು ಎಂದು ತಾಯಿ ಅತ್ತಳು. ಹೊಗೆ ನಿಲ್ಲಿಸಿದಿರೋ ಎಂದು ಕೇಳಿದೆ. ನಿಲ್ಲಿಸಿದ್ದೇವೆ ಎಂದಳು. ನಾನು ನಂಬಲಿಲ್ಲ. ಮರುದಿನ ನಾನೇ ಫೋನು ಮಾಡಿ ಬೀಗತಿಯನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ಬಾಣಂತನ ಮುಗಿದ ಮೇಲೆ ಮೂವರೂ ಅಂಗಡಿಗೆ ಬಂದರು. ಕೂಸು ಅಜ್ಜಿಯ, ಅಂದರೆ ಬೀಗತಿಯ, ತೋಳಿನಲ್ಲಿತ್ತು. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ ಹೆಂಗಸು ಆಕೆ, ದನಿ ಮಾತ್ರ ಅದೇ. ತಾಯಿ ಒಳಗೆ ಬರಲಿಲ್ಲ. ಪರಿಚಯದವರು ಯಾರಾದರೂ ಹಾದುಹೋದಾರೆಂದು ಬಾಗಿಲಲ್ಲೇ ನಿಂತು ರಸ್ತೆ ಕಾಯತೊಡಗಿದಳು. ಡಾಕ್ಟರು ದಿನದ ಪಂಪನ್ನು ತಪ್ಪದೆ ತೆಗೆದುಕೊಳ್ಳಲು ಹೇಳಿದ್ದರಂತೆ. ಹೆಂಗ ತಗೊಳ್ತೀ ತೋರಿಸವ್ವಾ ಎಂದೆ.

ಹುಡುಗಿ ಪಂಪು ಅಲುಗಾಡಿಸಿದಳು. ಗೋಡೆಯ ಕಡೆ ತಿರುಗಿ, ರೂಢಿಯಂತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಏನಾದರೂ ಹೇಳುವ ಮೊದಲೇ ಬೀಗತಿ ಕೂಸನ್ನು ಒಂದು ತೋಳಿಗೆ ಸರಿಸಿ, ಇನ್ನೊಂದು ಕೈಯಿಂದ ಆ ಸೆರಗನ್ನು ಜಗ್ಗಿ ಕೆಳಗಿಳಿಸಿದಳು. ಸೊಸೆಯ ಗದ್ದ ಹಿಡಿದು ಮುಖವನ್ನು ಬಾಗಿಲ ಕಡೆ ತಿರುಗಿಸಿದಳು.

“ಮುಚಗೊಂಡು ಮುಚಗೊಂಡು ಸಾಯಾಕ ಹತ್ತಿದ್ದಿ. ಬಜಾರೆಲ್ಲಾ ನೋಡ್ಲಿ. ಎಳಕೋ.”

ಹುಡುಗಿ ಉಸಿರು ಪೂರ್ತಿ ಹೊರಗೆ ಬಿಟ್ಟು, ಒತ್ತಿ, ನಿಧಾನಕ್ಕೆ ಎಳೆದುಕೊಂಡು ಹಿಡಿದು ನಿಂತಳು. ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಸೀಟಿ ಕೇಳಿಸಲಿಲ್ಲ. ಬಾಗಿಲಲ್ಲಿ ರಸ್ತೆ ಕಾಯುತ್ತಿದ್ದ ತಾಯಿ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು.