ಕಾರಿನಲ್ಲಿ ಒಂದು ಬಾಟಲಿ ನೀರು

ಅಮೆರಿಕದ ವುಡ್‌ಬ್ರಿಡ್ಜಿನ ಶೇಷಗಿರಿ ಅಂಕಲ್ಲಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸೊಸೆ ಡೆನೀಸಳ ಪೂರ್ವಜರು ಗುಲಾಮರಾಗಿ ದುಡಿದ, ಈಗ ಮ್ಯೂಸಿಯಂಗಳಾಗಿರುವ ಹಳೆಯ ಡಚ್ಚರ ಮನೆಗಳಿಗೆ ಪ್ರತಿ ಶನಿವಾರ ಅವಳನ್ನು ಕರೆದೊಯ್ಯುವವರೂ ಅವರೇ, ಅಲ್ಲಿನ ಗೈಡುಗಳ ಮೇಲೆ ಹರಿಹಾಯುವವರೂ ಅವರೇ: "ಬೆಳ್ಳಿ ಚಮಚ ಮಾಡಿದೋನ ಹೆಸರು ಗೊತ್ತಂತೆ, ಅದನ್ನ ತೊಳೆದೋಳ ಹೆಸರು ಗೊತ್ತಿಲ್ವಂತೆ! ನಾನ್‌ಸೆನ್ಸ್!" ಆ ಮನೆಗಳ ಸ್ಮಶಾನಕ್ಕೆ ಮಾತ್ರ ಕಾಲಿಡುವುದಿಲ್ಲ, ಮೈಲಿಗೆಯೆಂದು ಕಾರಿನಲ್ಲೇ ಕೂತು, ಹಿಂತಿರುಗಿದ ಸೊಸೆಯ ಕಾಲಿಗೆ ಬಾಟಲಿ ನೀರು ಸುರಿಯುತ್ತಾರೆ. ಮೊನ್ನೆ ಗೈಡೊಬ್ಬ ಸ್ಮಶಾನದ ಗೇಟಿನಲ್ಲೇ ನಿಂತು, ಧಣಿಗಳ ಗೋರಿಗಳಾಚೆಯ ಹುಲ್ಲಿನತ್ತ ಕೈಬೀಸಿ, "ಗುಲಾಮರು ಅಲ್ಲೆಲ್ಲೋ ಇರಬೇಕು" ಎಂದ. ಅದು ಕಿವಿಗೆ ಬಿದ್ದದ್ದೇ ಅಂಕಲ್ ಕಾರಿನಿಂದಿಳಿದು, ಬಾಟಲಿ ಹಿಡಿದು ದಡದಡನೆ ಒಳನುಗ್ಗಿದರು. ಜನಿವಾರವನ್ನು ಬಲ ಹೆಗಲಿಗೆ ಬದಲಿಸಿ, ಅಂಗೈಯಿಂದ ಆ ಹುಲ್ಲಿಗೆ ನೀರು ಬಿಡುತ್ತ, ತಮ್ಮ ಪಿತೃಗಳಿಗೆ ಕೊಡುವಂತೆಯೇ ತರ್ಪಣ ಕೊಟ್ಟರು. "ಅವರು ನಿಮಗೇನಾಗಬೇಕು?" ಎಂದ ಗೈಡಿಗೆ ಕನ್ನಡದಲ್ಲೇ ಗದರಿದರು: "ಬೀಗರು ಕಣಯ್ಯಾ, ಬೀಗರು!"