ಲಿನ್‌ಗೆ ನಾನು ಕಲಿಸಿದ ಇಂಗ್ಲಿಷ್

ಎರಡು ವಾರದ ಹಿಂದೆ, ಶನಿವಾರ ಮಧ್ಯಾಹ್ನ, ಆಸ್ಟಿನ್‌ನ ಒಂದು ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನ ಗಾಜು ಏರಿಸಿಕೊಂಡು ನಾನು ನನ್ನ ಪಕ್ಕದ ಮನೆಯವಳ ಮೇಲೆ ಕೂಗಾಡಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. ಅದಕ್ಕೇ ನನಗೆ ಇನ್ನೂ ರೇಗಿತು.

ಅವಳ ಹೆಸರು ಲಿನ್. ಚೀನಾದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಫಾರ್ಮಸಿಸ್ಟ್ ಆಗಿದ್ದವಳು. ಇಲ್ಲಿ ಡಲ್ಲಾಸ್ ಪಕ್ಕದ ಕಾಪೆಲ್‌ಗೆ ಬಂದ ಮೇಲೆ ಮೂರು ವರ್ಷದಿಂದ ಮನೆಯಲ್ಲೇ ಇದ್ದಾಳೆ. ಗಂಡನಿಗೆ ಹ್ಯೂಸ್ಟನ್‌ನಲ್ಲಿ ಕೆಲಸ, ಬಿಡುವಾದಾಗ ಬಂದು ಹೋಗುತ್ತಾನೆ. ಅವಳು ಮತ್ತೆ ಔಷಧದ ಕೌಂಟರಿನ ಹಿಂದೆ ನಿಲ್ಲಬೇಕೆಂದರೆ ಮೊದಲು ಒಂದು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು, ಮೂರರಲ್ಲೂ ಲಿನ್‌ಗೆ ಒಳ್ಳೆಯ ಮಾರ್ಕ್ಸ್. ಮಾತಾಡುವ ಭಾಗದಲ್ಲಿ ಮಾತ್ರ ಎರಡು ಸಲ ಡುಮ್ಕಿ.

ಇದಕ್ಕೆಲ್ಲ ಒಂದು ಪುಸ್ತಕ ಕಾರಣ ಅಂತ ನಾನು ತೀರ್ಮಾನ ಮಾಡಿದ್ದೆ. ಇಟ್ಟಿಗೆ ಗಾತ್ರದ್ದು. ಚೀನೀಯರಿಗೆಂದೇ ಬರೆದ, ಇಂಗ್ಲಿಷಿನ ಕಠಿಣ ಪದಗಳನ್ನು ಅವುಗಳ ಮೂಲದಿಂದ ಹಿಡಿದು ಕಲಿಸುವ ಪುಸ್ತಕ. ಲಿನ್ ಅದನ್ನು ಚೀಟಿ ಚೀಟಿಯಾಗಿ ಬರೆದು ಫ್ರಿಜ್ಜು, ಮೈಕ್ರೋವೇವ್, ಬಚ್ಚಲಿನ ಕನ್ನಡಿ, ಕಡೆಗೆ ರೈಸ್ ಕುಕ್ಕರಿನ ಮುಚ್ಚಳದ ಮೇಲೂ ಅಂಟಿಸಿದ್ದಳು. 'ಸ್ಪೆಕ್' ಅಂದರೆ ನೋಡುವುದು. ಅದರ ಕೆಳಗೆ ಸ್ಪೆಕ್ಟೇಟರ್, ಇನ್‌ಸ್ಪೆಕ್ಟ್, ಸರ್ಕಮ್‌ಸ್ಪೆಕ್ಟ್, ಇಂಟ್ರೊಸ್ಪೆಕ್ಷನ್. 'ಮಾರ್ಟ್' ಅಂದರೆ ಸಾವು. ಅದರ ಕೆಳಗೆ ಮಾರ್ಟಲ್, ಇಮ್ಮಾರ್ಟಲ್, ಜೊತೆಗೆ ಮನೆಸಾಲದ ಮಾರ್ಟ್‌ಗೇಜ್. (ಕಾಪೆಲ್‌ನಲ್ಲಿ ಮನೆ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

'ಇಷ್ಟೊಂದು ಯಾಕೆ ಕಲೀತೀಯ?' ಅಂತ ಒಂದು ದಿನ ಕೇಳಿದೆ.

ಅವಳು ಕಾಗದದ ಮೇಲೆ ಮೂರು ಹನಿ ಬರೆದು ತೋರಿಸಿದಳು. 'ನಮ್ಮ ಅಕ್ಷರದ ಎಡಗಡೆ ಇದು ಇದ್ದರೆ ನೀರಿನ ಸಂಬಂಧ. ನದಿ, ಸರೋವರ, ಬೆವರು, ಕಣ್ಣೀರು, ಎಲ್ಲದರಲ್ಲೂ ಇದೆ. ಇಂಗ್ಲಿಷಿನಲ್ಲಿ ಹೀಗೇನೂ ಇಲ್ಲ, ಎಲ್ಲ ಪದಾನೂ ಬಾಯಿಪಾಠ ಮಾಡಬೇಕು ಅಂದುಕೊಂಡಿದ್ದೆ. ಇದೆ ಅಂತ ಗೊತ್ತಾದಾಗ ತುಂಬ ಸಂತೋಷ ಆಯ್ತು.'

ಚೆನ್ನಾಗಿ ಹೇಳಿದಳು, ಒಪ್ಪುತ್ತೇನೆ. ಆದರೆ ಸಂತೋಷದಿಂದ ಕಲಿತದ್ದನ್ನು ಅವಳು ಎಲ್ಲಿ ಬಳಸುತ್ತಿದ್ದಳು ಗೊತ್ತೇ? ತರಕಾರಿ ಅಂಗಡಿಯಲ್ಲಿ. ಬಾಡಿದ ಎಲೆಕೋಸನ್ನು ಎತ್ತಿ ಹಿಡಿದು, 'ಇದು ಮೊರಿಬಂಡ್' ಅಂದಳು, ಸಾಯುವ ಸ್ಥಿತಿಯಲ್ಲಿದೆ ಅಂತ. ಜುಲೈ ಬಿಸಿಲಲ್ಲಿ ಎಸಿ ರಿಪೇರಿಗೆ ಬಂದವನಿಗೆ, 'ನಮ್ಮ ಎಸಿ ಎರಡು ದಿನದಿಂದ ಸಾಮ್ನೊಲೆಂಟ್' ಅಂದಳು, ತೂಕಡಿಸುತ್ತಿದೆ ಅಂತ. ಅವನು ಟೋಪಿ ತೆಗೆದು ನನ್ನ ಮುಖ ನೋಡಿದ. 'ತಣ್ಣಗಾಗ್ತಿಲ್ಲ' ಅಂತ ನಾನೇ ಹೇಳಿದೆ. ಇನ್ನು ತಡೆಯುವುದಕ್ಕಾಗಲಿಲ್ಲ. 'ನಾಳೆಯಿಂದ ದಿನಾ ಸಂಜೆ ನನ್ನ ಜೊತೆ ವಾಕ್ ಬಾ. ಮಾತಾಡೋದನ್ನ ನಾನು ಕಲಿಸ್ತೀನಿ' ಅಂದೆ.

ಯಾಕೆ ಅಂದೆ? ಹಾಗಂತ ಯಾರು ಕೇಳಿದ್ದರು? ಮೈಸೂರಿನಲ್ಲಿ ಕಾನ್ವೆಂಟು ಓದಿದವಳು ನಾನು. ಇಂಗ್ಲಿಷ್ ನಮಗೆ ಅಜ್ಜಿ ಒಡವೆ ಇದ್ದ ಹಾಗೆ, ತಾನಾಗೇ ಬಂದದ್ದು ಅನ್ನುವ ಭಾವನೆ ನಮ್ಮಲ್ಲಿ ಬಹಳ ಜನಕ್ಕಿದೆ. ಚೀನಾದವರು ಬಾಯಿ ತೆರೆದರೆ ಸಾಕು, ಪಾಪ, ತಿದ್ದೋಣ ಅನ್ನಿಸುತ್ತದೆ. ನಮ್ಮನ್ನು ತಿದ್ದುವವರು ಸಿಕ್ಕರೆ ಮಾತ್ರ ಅವರ ಜೊತೆ ಮಾತು ಬಿಡುತ್ತೇವೆ.

ಆರು ವಾರ. ನಮ್ಮ ಬಡಾವಣೆಯ ಕೆರೆ ಸುತ್ತ (ಕೆರೆ ಅಂತ ನಾವು ಕರೆಯುತ್ತೇವೆ, ನಾಲ್ಕು ಬಾತುಕೋಳಿ ಈಜಿದರೆ ಟ್ರಾಫಿಕ್ ಜಾಮ್ ಆಗುತ್ತದೆ) ದಿನಕ್ಕೆ ಮೂರು ಸುತ್ತು. ನನ್ನ ನಿಯಮ ಎರಡೇ. ದೊಡ್ಡ ಪದ ಬಳಸಬಾರದು. ಚಿಕ್ಕ ಚಿಕ್ಕ ವಾಕ್ಯದಲ್ಲಿ, ಬೇಕಾದ್ದನ್ನು ಮಾತ್ರ ಹೇಳಬೇಕು. ಉಳಿದದ್ದನ್ನೆಲ್ಲ ನಾನು ಉದಾಹರಣೆ ಸಮೇತ ವಿವರಿಸುತ್ತಿದ್ದೆ. ಆಫೀಸಿನಲ್ಲಿ ಮ್ಯಾನೇಜರಿಗೆ ಹೇಗೆ ಉತ್ತರ ಕೊಟ್ಟೆ, ಮಗಳ ಸ್ಕೂಲಿನ ಟೀಚರನ್ನು ಹೇಗೆ ಒಪ್ಪಿಸಿದೆ, ಎಲ್ಲ. ನಾಯಿ ಹಿಡಿದು ಎದುರಿಗೆ ಬಂದವರು 'ಹೇಗಿದ್ದೀರಿ?' ಅಂದರೆ 'ಇಬ್ಬರೂ ಚೆನ್ನಾಗಿದ್ದೀವಿ' ಅಂತ ನಾನೇ ಅಂದುಬಿಡುತ್ತಿದ್ದೆ. ಅವಳು ತಡವರಿಸುವುದನ್ನು ನೋಡಲಾಗುತ್ತಿರಲಿಲ್ಲ. ಅವಳು ಕೇಳಿಸಿಕೊಳ್ಳಲಿ ಅಂತ ಒಂದು ಸಂಜೆ ಪೂರ್ತಿ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿಟ್ಟೆ.

ಡಲ್ಲಾಸ್‌ನ ಪರೀಕ್ಷೆ ಸೆಂಟರುಗಳಲ್ಲಿ ಜಾಗ ಇರಲಿಲ್ಲ, ಮೂರು ಗಂಟೆ ದಾರಿಯ ಆಸ್ಟಿನ್‌ನಲ್ಲಿ ಸಿಕ್ಕಿತು. ಲಿನ್ ಹೈವೇ ಹತ್ತುವವಳಲ್ಲ. ಅವಳ ಗಂಡನಿಗೆ ಆ ಶನಿವಾರ ಹ್ಯೂಸ್ಟನ್‌ನಲ್ಲಿ ಡ್ಯೂಟಿ. ಸರಿ, ನಾನೇ ಡ್ರೈವ್ ಮಾಡಿದೆ. ಬೆಳಗಿನ ಜಾವ ಹೊರಟರೂ ದಾರಿ ಮಧ್ಯೆ ವೇಕೋ ಊರಿನ ಹತ್ತಿರ ರಸ್ತೆ ಅಗೆದು, ಒಂದೇ ಲೇನ್ ಬಿಟ್ಟಿದ್ದರು. ನಾನು ಈ ದೇಶಕ್ಕೆ ಬಂದಾಗಿನಿಂದ ಅದನ್ನು ಅಗೆಯುತ್ತಲೇ ಇದ್ದಾರೆ. ಲಿನ್ ಮಡಿಲಲ್ಲಿ ಚೀಟಿಗಳ ಕಟ್ಟು ಇಟ್ಟುಕೊಂಡು ಬಾಯಲ್ಲೇ ಗುನುಗುತ್ತಿದ್ದಳು. 'ಅದನ್ನ ಎತ್ತಿಡು' ಅಂದೆ. ಎತ್ತಿಟ್ಟಳು.

ಸೆಂಟರಿನ ರಿಸೆಪ್ಷನ್‌ನಲ್ಲಿ ಅವಳ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟು, ಎಲ್ಲವನ್ನೂ ನಾನೇ ಒಪ್ಪಿಸಿದೆ. ಅಲ್ಲಿದ್ದ ಹುಡುಗಿ, 'ಮ್ಯಾಮ್, ಪರೀಕ್ಷೆ ಬರೆಯುವವರು ಉತ್ತರ ಕೊಡಬಹುದಾ?' ಅಂದಳು. ಎಂಥ ಒರಟು ಹುಡುಗಿ ಅಂದುಕೊಂಡೆ.

ನಾಲ್ಕು ಗಂಟೆಯ ನಂತರ ಲಿನ್ ಹೊರಗೆ ಬಂದಳು.

'ಹೇಗಾಯ್ತು?'

'ಬೇಗ ಮುಗೀತು.'

'ಬೇಗ ಅಂದ್ರೆ?'

ಕಂಪ್ಯೂಟರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಮುಕ್ಕಾಲು ನಿಮಿಷ ಮಾತಾಡಬೇಕಾದ ಪ್ರಶ್ನೆ. ನಿನಗೆ ಸಹಾಯ ಮಾಡಿದ ಒಬ್ಬರ ಬಗ್ಗೆ ಹೇಳು ಅಂತ. ಲಿನ್ ಹೇಳಿದ್ದು ಇಷ್ಟು: 'ನನ್ನ ಪಕ್ಕದ ಮನೆಯವರು. ತುಂಬ ಒಳ್ಳೆಯವರು. ಅವರು ಮಾತಾಡ್ತಾರೆ. ನಾನು ಕೇಳ್ತೀನಿ.' ಆಮೇಲೆ ಗಡಿಯಾರ ಓಡುವುದನ್ನು ನೋಡುತ್ತ ಕೂತಿದ್ದಳಂತೆ.

'ಇನ್ನೂ ಅರ್ಧ ನಿಮಿಷ ಇತ್ತಲ್ಲ!'

'ಬೇಕಾದ್ದನ್ನು ಮಾತ್ರ ಹೇಳು ಅಂದಿದ್ದಿರಿ.'

ಆಗಲೇ ನಾನು ಕೂಗಾಡಿದ್ದು. ಆರು ವಾರ ಗಂಟಲು ಹರಿದುಕೊಂಡಿದ್ದೇನೆ, ಇಲ್ಲಿತನಕ ಕಾರು ಓಡಿಸಿಕೊಂಡು ಬಂದಿದ್ದೇನೆ, ನಿನಗೆ ಕೆಲಸ ಬೇಕೋ ಬೇಡವೋ? ಹೇಳಬಾರದ್ದನ್ನೂ ಹೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಡಲ್ಲಾಸ್ ಮುಟ್ಟುವವರೆಗೂ ಕಾರಿನಲ್ಲಿ ಮಾತಿಲ್ಲ. ಅಂದರೆ, ನಾನು ಆಡಲಿಲ್ಲ ಅಂತ.

ಹತ್ತು ದಿನಕ್ಕೆ ಮಾರ್ಕ್ಸ್ ಬಂತು. ಫೇಲ್. ಹೋದ ಸಲಕ್ಕಿಂತ ಕಡಿಮೆ. ಅಂದರೆ, ಮೊರಿಬಂಡ್ ಕೋಸಿನ ಕಾಲದಲ್ಲಿ ಅವಳು ಪಾಸಿಗೆ ಇದಕ್ಕಿಂತ ಹತ್ತಿರ ಇದ್ದಳು.

ಆ ಸಂಜೆ ಎಲ್ಲಿ ತಪ್ಪಿತು ನೋಡೋಣ ಅಂತ ಅಡುಗೆಮನೆಯಲ್ಲಿ ನಿಂತು ಫೋನಿನ ರೆಕಾರ್ಡಿಂಗ್ ಹಾಕಿದೆ. ಐವತ್ತೆರಡು ನಿಮಿಷ. ನನ್ನ ದನಿ. ಮತ್ತೆ ನನ್ನ ದನಿ. ಒಂದು ಬಾತುಕೋಳಿ. ಮತ್ತೆ ನಾನು. ಲಿನ್‌ಳ ದನಿ ಹನ್ನೊಂದು ಸಲ ಬಂತು, ಹತ್ತು ಸಲ 'ಯೆಸ್' ಅಂತ. ಹನ್ನೊಂದನೆಯ ಸಲ ಅವಳು ತನ್ನ ಆಸ್ಪತ್ರೆಯ ಬಗ್ಗೆ ಏನೋ ಹೇಳಲು ಶುರುಮಾಡಿದ್ದಳು. ಅರ್ಧಕ್ಕೇ ನಾನು ಬಾಯಿ ಹಾಕಿ ವಾಕ್ಯ ಮುಗಿಸಿಬಿಟ್ಟಿದ್ದೆ. ಅದೂ ತಪ್ಪಾಗಿ. ಅವಳು ಏನು ಹೇಳಹೊರಟಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಚಿಕೆಯಾಯಿತು.

'ನಂಗಿದು ಹದಿನೆಂಟು ವರ್ಷದಿಂದ ಗೊತ್ತು ಕಣೇ' ಅಂದರು ನನ್ನ ಗಂಡ, ತಟ್ಟೆಯಿಂದ ತಲೆ ಎತ್ತದೆ.

'ನೀವು ಸುಮ್ನಿರ್ರೀ.'

'ಸುಮ್ನೇ ತಾನೇ ಇರೋದು?'

ಮಗಳು ಅಷ್ಟಕ್ಕೆ ಬಿಡಲಿಲ್ಲ. ಅವಳಿಗೆ ಹದಿನಾಲ್ಕು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. 'ಅಮ್ಮಾ, ಯು ಡು ದಿಸ್ ಇನ್ ಸಂಡೇ ಕನ್ನಡ ಕ್ಲಾಸ್ ಟೂ' ಅಂದಳು.

ಹೌದು, ಭಾನುವಾರ ಕನ್ನಡ ಕ್ಲಾಸ್ ನಡೆಸುವವಳೂ ನಾನೇ. ಒಂದು ಗಂಟೆ ಮಾತಾಡುತ್ತೇನೆ, ಹನ್ನೆರಡು ಮಕ್ಕಳು ತಲೆಯಾಡಿಸುತ್ತವೆ. ಆಮೇಲೆ ಹೊರಗೆ ಕಾಫಿ ಹಿಡಿದು ನಿಂತ ಅಪ್ಪ ಅಮ್ಮಂದಿರ ಜೊತೆ ಸೇರಿ, 'ಈ ಮಕ್ಕಳ ಬಾಯಲ್ಲಿ ಕನ್ನಡಾನೇ ಬರಲ್ಲ, ನೋಡಿ' ಅಂತ ಗೋಳಾಡುತ್ತೇನೆ. ಬರುವುದಕ್ಕೆ ನಾವು ಸಂದು ಬಿಟ್ಟರೆ ತಾನೇ? ಮಗು ಒಂದು ಪದಕ್ಕೆ ತಡಕಾಡಿದರೆ ಎರಡು ಸೆಕೆಂಡ್ ಕಾಯುವ ತಾಳ್ಮೆ ನಮಗಿಲ್ಲ. ಪದವನ್ನು ನಾವೇ ಬಾಯಿಗೆ ತುರುಕುತ್ತೇವೆ. ಇಲ್ಲವೇ ನಗುತ್ತೇವೆ. ಡಲ್ಲಾಸ್ ಕಡೆಯ ಫ್ರಿಸ್ಕೋದಿಂದ ಹ್ಯೂಸ್ಟನ್ ಕಡೆಯ ಸೈಪ್ರೆಸ್‌ವರೆಗೆ ನಮ್ಮವರು ಯಾರ ಮನೆಗೆ ಬೇಕಾದರೂ ಹೋಗಿ ನೋಡಿ, ಇದೇ ಕಥೆ.

ಲಿನ್ ಮನೆಗೆ ಹೋಗಿ ಕ್ಷಮೆ ಕೇಳಬೇಕಿತ್ತು. ಎರಡು ದಿನ ಧೈರ್ಯ ಬರಲಿಲ್ಲ. ನಿನ್ನೆ ಸಂಜೆ ಅವಳೇ ಬಾಗಿಲು ತಟ್ಟಿದಳು. ವಾಕಿಂಗ್ ಶೂ ಹಾಕಿದ್ದಳು. ಕೈಯಲ್ಲಿ ಅದೇ ಚೀಟಿಗಳ ಕಟ್ಟು. ನಾಲ್ಕನೆಯ ಸಲಕ್ಕೆ ಹೆಸರು ಕೊಟ್ಟಾಗಿದೆಯಂತೆ. ನಾನು ಬಾಯಿ ತೆರೆದದ್ದೇ ತಡ, 'ಇಲ್ಲಾ ಲಿನ್, ಆವತ್ತು ನಾನು ಹಾಗೆ ಅನ್ನಬಾರದಿತ್ತು, ಏನಾಯ್ತು ಅಂದ್ರೆ, ಟ್ರಾಫಿಕ್ ಬೇರೆ, ಜೊತೆಗೆ ನನಗೆ ಬೆಳಗಿಂದ ತಲೆನೋವು...' ಅಂತ ಶುರುಮಾಡಿದೆ.

ಅವಳು ಕೈ ಎತ್ತಿ ತಡೆದಳು. ಒಂದೂ ದೊಡ್ಡ ಪದವಿಲ್ಲದೆ, ಒಂದೂ ತಪ್ಪಿಲ್ಲದೆ, ನಿಧಾನವಾಗಿ ಕೇಳಿದಳು:

'ಈ ಸಲ ನಾನು ಮಾತಾಡಲಾ?'