ಅಂಕಣದ ಹೊರಗೆ ಕೂತ ಗಂಡ

ನನ್ನ ಗಂಡ ಭದ್ರಾವತಿಯ ಕಾರ್ಖಾನೆಯೊಂದರ ತಂಡದಲ್ಲಿ ಕಬಡ್ಡಿ ಆಡಿಯೇ ಸಂಬಳ ತಂದವರು. ರೈಡಿಗೆ ಹೋಗೋದೂ ಅವರೇ, ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳೋದೂ ಅವರೇ. ಮಂಡಿ ಆಪರೇಷನ್ ಆದ ಮೇಲೆ ಆಟ ನಿಂತಿತು. ಹೋದ ವರ್ಷ ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆದರು. ಮಂಡಿ ಇನ್ನೊಂದು ಸಲ ತಿರುಚಿದರೆ ಕೋಲು ಹಿಡಿದೇ ನಡೀಬೇಕು ಅಂತ ಡಾಕ್ಟರು ಹೇಳಿದ್ದು ಅವರಿಗೆ ಮರೆತೇಹೋಗಿತ್ತು, ನನಗೆ ಮರೆತಿರಲಿಲ್ಲ.

ಮೊದಲ ಪಂದ್ಯಕ್ಕೆ ನಾನೂ ಹೋದೆ. ಕೊನೇ ರೈಡು ಬಾಕಿ, ನಮ್ಮವರು ಒಂದು ಪಾಯಿಂಟು ಹಿಂದೆ. ರೈಡಿಗೆ ಹೋಗಬೇಕಾದ ಹುಡುಗಿ ಹೆದರಿ ನಿಂತುಬಿಟ್ಟಳು. ಇವರು ಕುರ್ಚಿಯಿಂದ ಎದ್ದವರೇ ಬಗ್ಗಿ ಗೆರೆ ಮುಟ್ಟಿ ಹಣೆಗೊತ್ತಿಕೊಂಡರು. ಅಂಕಣಕ್ಕೆ ಇಳಿಯೋ ಮುಂಚೆ ಆಟಗಾರರು ಮಾಡೋ ನಮಸ್ಕಾರ ಅದು.

"ಅತ್ತಿಗೆ, ನಮ್ಮಣ್ಣ ಆಡಕ್ಕೇ ಹೊರಟ ನೋಡು," ಅಂತ ಪಕ್ಕದಲ್ಲಿದ್ದ ನಾದಿನಿ ನಕ್ಕಳು.

"ಸುಮ್ನಿರೇ ಮಾರಾಯ್ತಿ," ಅಂದೆ. ಕೊರಳಲ್ಲಿದ್ದ ಲಿಂಗವನ್ನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಗೆರೆ ದಾಟೋಕೆ ಇವರು ಎತ್ತಿದ ಕಾಲು ಹಾಗೇ ನಿಂತಿತು. ಹುಡುಗಿ ಅವರನ್ನೇ ನೋಡುತ್ತಿದ್ದಳು. "ಉಸಿರು ತಗೊಂಡು ಹೋಗವ್ವ. ಬಲಗಡೆಯೋಳು ನಿನಗಿಂತ ಜಾಸ್ತಿ ಹೆದರಿದಾಳೆ," ಅಂದವರು ಕಾಲು ಹಿಂದಕ್ಕೆ ತಗೊಂಡು ಕುರ್ಚೀಲಿ ಕೂತರು.

ಅವಳು ಬಲಗಡೆಯವಳನ್ನು ಮುಟ್ಟಿ ಬಂದಳು, ಪಂದ್ಯ ಸಮವಾಯ್ತು. ಬಸ್‌ಸ್ಟ್ಯಾಂಡಿನ ತನಕ ಇವರದು ಗೆಲ್ಲಲಿಲ್ಲ ಅನ್ನೋ ಕೊರಗೇ. ಭದ್ರಾವತಿ ಬಸ್ಸಿನ ಮೆಟ್ಟಿಲನ್ನು ಮಾತ್ರ ಯಾರ ಕೈಯೂ ಹಿಡಿಯದೆ ಹತ್ತಿದರು. ಇಷ್ಟು ಸಾಕಪ್ಪ ಶಿವನೇ ಅಂದುಕೊಂಡು ನಾನೂ ಹಿಂದೆ ಹತ್ತಿದೆ.